ಸರಕಾರಿ ಆರೋಗ್ಯ ಯೋಜನೆಗಳಲ್ಲಿ ವಂಚನೆ: ವ್ಯಾಪಾರಸ್ಥರು ದೂರು ನೀಡುವ ಕ್ರಮ

ವ್ಯಾಪಾರ ಹಾಗೂ ಸಣ್ಣ ಕೈಗಾರಿಕೆಗಳಿಗೆ ಸರಕಾರಿ ಆರೋಗ್ಯ ಯೋಜನೆಗಳೊಡನೆ ಎರಡು ಬಗೆಯ ಸಂಬಂಧವಿದೆ. ಬೈಲಹೊಂಗಲದ ಹತ್ತಿ ಜಿನ್ನಿಂಗ್ ಕಾರ್ಖಾನೆಯ ಹಮಾಲರು, ರಾಮದುರ್ಗದ ನೇಕಾರರು, ಕಿತ್ತೂರು ಮತ್ತು ಸವದತ್ತಿ ಪೇಟೆಯ ಅಂಗಡಿಗಳ ನೌಕರರು ದೊಡ್ಡ ಕಾಯಿಲೆ ಬಂದಾಗ ಈ ಯೋಜನೆಗಳನ್ನೇ ನೆಚ್ಚಿಕೊಂಡು ಬೆಳಗಾವಿಗೋ ಹುಬ್ಬಳ್ಳಿಗೋ ಹೋಗುತ್ತಾರೆ. ಇನ್ನೊಂದೆಡೆ, ಆಸ್ಪತ್ರೆಗಳಿಗೆ ಬಟ್ಟೆ, ಮುದ್ರಿತ ನಮೂನೆ, ದಿನಸಿ, ಪೀಠೋಪಕರಣ ಪೂರೈಸುವವರೂ ವ್ಯಾಪಾರಸ್ಥರೇ. ಆದ್ದರಿಂದ ವಂಚನೆಯ ಕಾಗದಪತ್ರ ಅನೇಕ ವೇಳೆ ಮೊದಲು ಕಣ್ಣಿಗೆ ಬೀಳುವುದು ಇವರಿಗೆ. ಅದನ್ನು ಎಲ್ಲಿ, ಹೇಗೆ ತಿಳಿಸಬೇಕೆಂಬುದು ಗೊತ್ತಿಲ್ಲದಿದ್ದರೆ ಕಂಡವರೇ ತೊಂದರೆಗೆ ಸಿಲುಕಬಹುದು.

ನಷ್ಟ ಯಾರಿಗೆ?

2018ರ ಮಾರ್ಚ್‌ನಲ್ಲಿ ಆರಂಭವಾದ ಆರೋಗ್ಯ ಕರ್ನಾಟಕ ಯೋಜನೆಯು ಅದೇ ವರ್ಷ ಕೇಂದ್ರದ ಆಯುಷ್ಮಾನ್ ಭಾರತದೊಡನೆ ಒಂದುಗೂಡಿತು. ಇದರಡಿ ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಉಚಿತ. ಈ ಮೊತ್ತ ಇಡೀ ಕುಟುಂಬದ ಒಂದೇ ಖಾತೆಯಿದ್ದಂತೆ. ನಡೆಯದ ಶಸ್ತ್ರಚಿಕಿತ್ಸೆಗೆ ಬಿಲ್ಲು ಬರೆದರೆ ಆ ಹಣ ಈ ಖಾತೆಯಿಂದಲೇ ಖರ್ಚು ಬೀಳುತ್ತದೆ. ಮುಂದೆ ಮನೆಯ ಮತ್ತೊಬ್ಬರಿಗೆ ಹೃದಯಾಘಾತವಾದಾಗ ಶಿಲ್ಕು ಸಾಲದೆ ಹೋಗಬಹುದು. ಸರಕಾರದ ಹಣ ಹೋದರೆ ನಮಗೇನು ಎಂಬ ಮಾತು ಇಲ್ಲಿ ಸಲ್ಲದು.

ಇದು ಬರಿಯ ಶಂಕೆಯಲ್ಲ. ಆಯುಷ್ಮಾನ್ ಭಾರತ ಕುರಿತು 2023ರಲ್ಲಿ ಸಂಸತ್ತಿನ ಮುಂದಿರಿಸಲಾದ ಮಹಾಲೇಖಪಾಲರ ವರದಿಯ ಪ್ರಕಾರ, ದೇಶದಲ್ಲಿ 7,49,820 ಫಲಾನುಭವಿಗಳ ಹೆಸರು ಒಂದೇ ಮೊಬೈಲ್ ಸಂಖ್ಯೆಗೆ ಜೋಡಣೆಯಾಗಿತ್ತು. ಮೃತಪಟ್ಟರೆಂದು ದಾಖಲಾಗಿದ್ದ 3,446 ರೋಗಿಗಳ ಹೆಸರಿನಲ್ಲಿ 6.97 ಕೋಟಿ ರೂಪಾಯಿ ಪಾವತಿಯಾಗಿತ್ತು.

ಯಾವುದಕ್ಕೆ ಎಲ್ಲಿ ದೂರು?

ನಗದುರಹಿತ ಚಿಕಿತ್ಸೆಗೆ ಅರ್ಹನಾದ ರೋಗಿಯಿಂದ ಹಣ ವಸೂಲಿ, ಮಾಡದ ಚಿಕಿತ್ಸೆಗೆ ಬಿಲ್ಲು, ಬೇರೆಯವರ ಕಾರ್ಡಿನ ಬಳಕೆ: ಇಂಥವನ್ನು ಮೊದಲು ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರಿಗೆ ತಿಳಿಸಬಹುದು. ರಾಜ್ಯದ ಆರೋಗ್ಯ ಸಹಾಯವಾಣಿ 104, ಆಯುಷ್ಮಾನ್ ಭಾರತದ ಸಹಾಯವಾಣಿ 14555. ಯೋಜನೆಯನ್ನು ನಡೆಸುವ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿಗೆ ಲಿಖಿತ ದೂರನ್ನೂ ಕಳುಹಿಸಬೇಕು. ದೂರವಾಣಿಯಲ್ಲಿ ಹೇಳಿದ್ದಾದರೆ ದೂರಿನ ಸಂಖ್ಯೆಯನ್ನು ತಪ್ಪದೆ ಬರೆದಿಟ್ಟುಕೊಳ್ಳತಕ್ಕದ್ದು.

ಸರಕಾರಿ ವೈದ್ಯರಾಗಲಿ, ಅಧಿಕಾರಿಯಾಗಲಿ, ಸಿಬ್ಬಂದಿಯಾಗಲಿ ಲಂಚ ಕೇಳಿದರೆ ಅದು ಲೋಕಾಯುಕ್ತಕ್ಕೆ ಸೇರಿದ ವಿಷಯ. 2016ರಲ್ಲಿ ರಚನೆಯಾಗಿದ್ದ ಭ್ರಷ್ಟಾಚಾರ ನಿಗ್ರಹ ದಳವನ್ನು ಹೈಕೋರ್ಟು 2022ರ ಆಗಸ್ಟ್ 11ರಂದು ರದ್ದುಪಡಿಸಿತು. ಆ ಅಧಿಕಾರ ಲೋಕಾಯುಕ್ತ ಪೊಲೀಸರಿಗೆ ಮರಳಿತು.

ಪೂರೈಕೆದಾರರಿಗೆ ಏಳು ದಿನಗಳ ಗಡುವು

ಬಿಲ್ಲು ಪಾಸಾಗಲು ಶೇಕಡಾವಾರು ಕೊಡಲೇಬೇಕಾಯಿತು ಎನ್ನುವ ಪೂರೈಕೆದಾರರು ಒಂದು ಬದಲಾವಣೆಯನ್ನು ಗಮನಿಸಬೇಕು. 2018ರ ತಿದ್ದುಪಡಿಯ ನಂತರ ಭ್ರಷ್ಟಾಚಾರ ತಡೆ ಕಾಯಿದೆಯ 8ನೆಯ ಕಲಮಿನಂತೆ ಲಂಚ ಕೊಟ್ಟವನೂ ಅಪರಾಧಿ. ಏಳು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಬಲವಂತಕ್ಕೆ ಒಳಗಾಗಿ ಕೊಟ್ಟವರಿಗೆ ಮಾತ್ರ ವಿನಾಯಿತಿಯುಂಟು. ಆದರೆ ಅವರು ಏಳು ದಿನಗಳೊಳಗೆ ತನಿಖಾ ಸಂಸ್ಥೆಗೆ ತಿಳಿಸಿರಬೇಕು. ವರ್ಷಾಂತ್ಯದಲ್ಲಿ ಲೆಕ್ಕ ಮುಗಿಸುವಾಗ ಆ ಮೊತ್ತವನ್ನು ‘ಇತರೆ ಖರ್ಚು’ ಎಂದು ತೋರಿಸಿದರೆ ಗಡುವೂ ದಾಟಿರುತ್ತದೆ, ವಿರುದ್ಧ ಸಾಕ್ಷ್ಯವೂ ಸ್ವಂತ ಪುಸ್ತಕದಲ್ಲಿಯೇ ಸಿದ್ಧವಾಗಿರುತ್ತದೆ. ಹಣ ಕೇಳಿದ ಕೂಡಲೇ, ಕೊಡುವುದಕ್ಕೆ ಮೊದಲೇ, ತಿಳಿಸುವುದು ಸುರಕ್ಷಿತ ಮಾರ್ಗ.

ದೂರು ನಿಲ್ಲುವುದು ದಾಖಲೆಯ ಮೇಲೆ

ಅಮೆರಿಕದಲ್ಲಿ ಅಂತರ್ಯುದ್ಧದ ಕಾಲದಲ್ಲಿ ಸೇನೆಗೆ ಕಳಪೆ ಸರಕು ಪೂರೈಸಿದ ಗುತ್ತಿಗೆದಾರರನ್ನು ಹಿಡಿಯಲೆಂದು 1863ರಲ್ಲಿ ಒಂದು ಕಾನೂನು ಬಂದಿತು. ಇಂದು ಅಲ್ಲಿ ಅದೇ ಕಾನೂನನ್ನು ಆರೋಗ್ಯ ಯೋಜನೆಗಳ ವಂಚನೆಗೂ ಬಳಸುತ್ತಾರೆ. ಮೊಕದ್ದಮೆ ಹೂಡಿದ ಮಾಹಿತಿದಾರನಿಗೆ, ವಸೂಲಾದ ಹಣದಲ್ಲಿ ಪಾಲು ದೊರೆಯುತ್ತದೆ. ನಮ್ಮಲ್ಲಿ ಅಂಥ ಪಾಲಿಲ್ಲ. ಮಾಹಿತಿದಾರರ ರಕ್ಷಣೆಗಾಗಿ 2014ರಲ್ಲಿ ಮಾಡಿದ ಕಾಯಿದೆಯೂ ಜಾರಿಗೆ ಬಂದಿಲ್ಲ. ಹೀಗಿರುವಾಗ ದೂರುದಾರನಿಗೆ ದೊಡ್ಡ ಆಸರೆ ಆತನ ಕಾಗದಪತ್ರವೇ.

ದೂರಿನಲ್ಲಿ ದಿನಾಂಕ, ಸ್ಥಳ, ಕಾರ್ಡಿನ ಸಂಖ್ಯೆ, ಹಣ ಕೇಳಿದವರ ಹುದ್ದೆ, ಮೊತ್ತ ಇವು ಸ್ಪಷ್ಟವಾಗಿರಬೇಕು. ಬಿಲ್ಲು, ರಸೀದಿ, ಬಿಡುಗಡೆ ಪತ್ರ, ಮೊಬೈಲ್ ಸಂದೇಶಗಳ ಪ್ರತಿಗಳನ್ನು ಲಗತ್ತಿಸಿ ಮೂಲಪ್ರತಿಗಳನ್ನು ತಮ್ಮಲ್ಲಿಯೇ ಉಳಿಸಿಕೊಂಡು ಸ್ವೀಕೃತಿ ಪಡೆಯಬೇಕು. ಕಣ್ಣಾರೆ ಕಂಡುದನ್ನೂ ಇತರರಿಂದ ಕೇಳಿದ್ದನ್ನೂ ಬೇರೆಬೇರೆಯಾಗಿ ಬರೆಯಬೇಕು. ದುರುದ್ದೇಶದ ಸುಳ್ಳು ದೂರಿಗೆ ಲೋಕಾಯುಕ್ತ ಕಾಯಿದೆಯಲ್ಲಿ ಶಿಕ್ಷೆಯುಂಟು. ಪ್ರತಿಸ್ಪರ್ಧಿಯ ಮೇಲಿನ ಹಗೆ ತೀರಿಸಿಕೊಳ್ಳಲು ಇದು ಸಾಧನವಲ್ಲ. ತಾಲೂಕು ಆಸ್ಪತ್ರೆಯ ಖರೀದಿ ಆದೇಶ, ದಾಸ್ತಾನು ವಹಿಯ ಪ್ರತಿಗಳು ಬೇಕಾದಲ್ಲಿ 2005ರ ಮಾಹಿತಿ ಹಕ್ಕು ಕಾಯಿದೆಯಡಿ 10 ರೂಪಾಯಿ ಶುಲ್ಕದೊಡನೆ ಅರ್ಜಿ ಸಲ್ಲಿಸಬಹುದು. ಸಾಮಾನ್ಯವಾಗಿ 30 ದಿನಗಳಲ್ಲಿ ಉತ್ತರ ಕೊಡತಕ್ಕದ್ದು.

ಮೊದಲು ಸ್ವಂತ ಲೆಕ್ಕ

ಇ.ಎಸ್.ಐ. ವ್ಯಾಪ್ತಿಗೆ ಒಳಪಟ್ಟ ಘಟಕಗಳಲ್ಲಿ 2019ರ ಜುಲೈ 1ರಿಂದ ಕಾರ್ಮಿಕರ ವಂತಿಗೆ ವೇತನದ ಶೇ. 0.75, ಮಾಲೀಕರದು ಶೇ. 3.25. ಕಾರ್ಮಿಕನ ಪಾಲನ್ನು ಕಡಿತ ಮಾಡಿ ತುಂಬದೆ ಉಳಿಸಿಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯಂತೆ ನಂಬಿಕೆ ದ್ರೋಹವೆನಿಸುತ್ತದೆ. ಕೆಲಸವನ್ನೇ ಮಾಡದ ಬಂಧುಗಳನ್ನು ಹಾಜರಿ ಪುಸ್ತಕಕ್ಕೆ ಸೇರಿಸಿ ಚಿಕಿತ್ಸೆ ಕೊಡಿಸುವುದೂ ವಂಚನೆಯೇ. ಆಸ್ಪತ್ರೆಯ ಸುಳ್ಳು ಬಿಲ್ಲನ್ನು ಪ್ರಶ್ನಿಸುವ ಮಾಲೀಕನ ಸ್ವಂತ ವೇತನ ಪಟ್ಟಿ ಸರಿಯಾಗಿದ್ದರೆ ಆತನ ದೂರಿಗೂ ತೂಕ ಬರುತ್ತದೆ. ತಿಂಗಳಿಗೊಮ್ಮೆ ವಂತಿಗೆಯ ಚಲನ್ನನ್ನು ವೇತನ ಪಟ್ಟಿಯೊಡನೆ ತಾಳೆ ನೋಡಲು ಅರ್ಧ ಗಂಟೆ ಸಾಕು.