ವಿಮಾನ ಹತ್ತುವವರಿಗೆಲ್ಲ ಒಂದೊಂದು ಪಿಸ್ತೂಲು

ವಿಮಾನ ಅಪಹರಣ ತಡೆಯಲು ಆರ್ಚಿ ಬಂಕರ್ ಬಳಿ ಸುಲಭದ ಉಪಾಯವಿತ್ತು. ಹತ್ತುವಾಗ ಪ್ರಯಾಣಿಕರಿಗೆಲ್ಲ ಒಂದೊಂದು ಪಿಸ್ತೂಲು ಹಂಚುವುದು, ಇಳಿಯುವಾಗ ವಾಪಸ್ ಪಡೆಯುವುದು. ಎಲ್ಲರ ಕೈಯಲ್ಲೂ ಪಿಸ್ತೂಲಿದ್ದ ಮೇಲೆ ಅಪಹರಣಕಾರನ ಆಟ ನಡೆಯುವುದಾದರೂ ಹೇಗೆ? 1972ರ ಸೆಪ್ಟೆಂಬರ್ 16ರ ಶನಿವಾರ ರಾತ್ರಿ ಆತ ಟಿ.ವಿ. ಕ್ಯಾಮೆರಾ ಮುಂದೆ ಸೆಟೆದು ಕೂತು ಇದನ್ನು ಹೇಳಿದಾಗ ಪ್ರೇಕ್ಷಕರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಆರ್ಚಿ ನಿಜವಾದ ಮನುಷ್ಯನಲ್ಲ. ಸಿಬಿಎಸ್ ವಾಹಿನಿಯ ‘ಆಲ್ ಇನ್ ದ ಫ್ಯಾಮಿಲಿ’ ಧಾರಾವಾಹಿಯ ನಾಯಕ. ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಮನೆ ಮಾಡಿಕೊಂಡಿರುವ ಕೆಲಸಗಾರ, ಬಾಯಿಬಡುಕ, ಮಹಾ ಪೂರ್ವಗ್ರಹಿ. ಬ್ರಿಟನ್ನಿನ ಬಿಬಿಸಿಯಲ್ಲಿ ಬಂದಿದ್ದ ಧಾರಾವಾಹಿಯೊಂದನ್ನು ಅಮೆರಿಕದ ನೆಲಕ್ಕೆ ಒಗ್ಗಿಸಿ ಇದನ್ನು ರೂಪಿಸಿದವರು ನಾರ್ಮನ್ ಲಿಯರ್. ಕ್ಯಾರಲ್ ಓಕಾನರ್ ಆರ್ಚಿಯಾದರು. ಆ ಶನಿವಾರ ಮೂರನೇ ಸರಣಿಯ ಮೊದಲ ಕಂತು. ಬಂದೂಕು ಹೊಂದಿದವರನ್ನು ಟಿ.ವಿ. ಹಾಸ್ಯ ಗೇಲಿ ಮಾಡುವುದು ಬರೀ ತಮಾಷೆಯೋ ರಾಜಕೀಯ ಪಕ್ಷಪಾತವೋ ಎಂಬ ಇಂದಿನ ಜಗಳದ ಬೇರು ಹುಡುಕುವವರು ಈ ಕಂತಿಗೆ ಬಂದು ನಿಲ್ಲಲೇಬೇಕು.

ಕಥೆ ಇಷ್ಟೇ. ಟಿ.ವಿ. ಸ್ಟೇಷನ್ನೊಂದು ಬಂದೂಕು ನಿಯಂತ್ರಣದ ಪರವಾಗಿ ಸಂಪಾದಕೀಯ ಓದುತ್ತದೆ. ಆರ್ಚಿ ಕೆರಳುತ್ತಾನೆ. ಅಳಿಯ ಮೈಕ್ ಜತೆ ವಾದಕ್ಕೆ ಬೀಳುತ್ತಾನೆ. ಕೊನೆಗೆ ಸ್ಟೇಷನ್ನಿಗೇ ಹೋಗಿ ಉತ್ತರ ಕೊಡುತ್ತಾನೆ. ಅಲ್ಲ, ಕಂಡಕಂಡವರಿಗೆಲ್ಲ ಟಿ.ವಿ.ಯಲ್ಲಿ ಮಾತಾಡಲು ಬಿಡುತ್ತಿದ್ದರೇ? ಬಿಡುತ್ತಿದ್ದರು. 1949ರಿಂದ ಅಮೆರಿಕದಲ್ಲಿ ಪ್ರಸಾರಕರಿಗೊಂದು ಕಟ್ಟುಪಾಡಿತ್ತು. ವಿವಾದದ ವಿಷಯದಲ್ಲಿ ಒಂದು ಮಗ್ಗುಲಿನ ಮಾತು ಬಿತ್ತರವಾದರೆ ಇನ್ನೊಂದು ಮಗ್ಗುಲಿಗೂ ಅವಕಾಶ ಕೊಡಬೇಕಿತ್ತು. ಆ ನಿಯಮವಿಲ್ಲದೆ ಈ ಕಥೆಯೇ ಹುಟ್ಟುತ್ತಿರಲಿಲ್ಲ. 1987ರಲ್ಲಿ ಅದನ್ನು ಕೈಬಿಟ್ಟರು. ಇಂದು ಆರ್ಚಿಯಂಥವನು ಎದುರಾಳಿಯ ಸ್ಟೇಷನ್ನಿಗೆ ಹೋಗಬೇಕಾದ ಪ್ರಮೇಯವೇ ಇಲ್ಲ. ಅವನಿಗೆ ಅವನದೇ ಚಾನೆಲ್ ಇದೆ, ಮೈಕ್‌ಗೆ ಮೈಕ್‌ನದು.

ಪಿಸ್ತೂಲು ಹಂಚುವ ಮಾತು ಕೂಡ ಗಾಳಿಯಿಂದ ಬಂದದ್ದಲ್ಲ. ಆ ವರ್ಷಗಳಲ್ಲಿ ಅಮೆರಿಕದಲ್ಲಿ ವಿಮಾನ ಅಪಹರಣ ಮಾಮೂಲಿ ಸುದ್ದಿಯಾಗಿತ್ತು. 1971ರ ನವೆಂಬರಿನಲ್ಲಿ ಡಿ.ಬಿ. ಕೂಪರ್ ಎಂದು ಹೆಸರಾದ ಅನಾಮಿಕನೊಬ್ಬ 2 ಲಕ್ಷ ಡಾಲರ್ ವಸೂಲಿ ಮಾಡಿ, ಪ್ಯಾರಾಚೂಟ್ ಕಟ್ಟಿಕೊಂಡು ವಿಮಾನದಿಂದ ಧುಮುಕಿ ಮಾಯವಾಗಿದ್ದ. ಪ್ರಯಾಣಿಕರೆಲ್ಲರ ಕಡ್ಡಾಯ ತಪಾಸಣೆ ಶುರುವಾದದ್ದು 1973ರ ಜನವರಿಯಲ್ಲಿ.

ಕಂತಿನ ಕೊನೆ ನೋಡಿ. ಟಿ.ವಿ.ಯಲ್ಲಿ ಮಾತಾಡಿ ಬೀಗುತ್ತಿರುವ ಆರ್ಚಿ ಕೆಲ್ಸಿ ಎಂಬವನ ಬಾರ್‌ಗೆ ಬರುತ್ತಾನೆ. ಅಪರಿಚಿತನೊಬ್ಬ ಗುರುತು ಹಿಡಿದು ಹೊಗಳುತ್ತಾನೆ. ಹೊಗಳಿದವನೇ ಬಂದೂಕು ತೆಗೆದು ಎಲ್ಲರನ್ನೂ ದೋಚುತ್ತಾನೆ.

ನಗು ಬರುವುದು ನಿಜ. ಆದರೆ ಇದು ಬರಹಗಾರರು ಮೊದಲೇ ಬರೆದಿಟ್ಟ ತೀರ್ಪು. ಆರ್ಚಿಗೆ ಮಾತಾಡಲು ಬಿಟ್ಟು, ಸಾಕ್ಷಿಯನ್ನು ತಾವೇ ಕರೆತಂದು ಕೇಸು ಮುಗಿಸಿದರು. ಪಕ್ಷಪಾತವಲ್ಲವೆಂದು ವಾದಿಸುವುದು ಕಷ್ಟ. ಲಿಯರ್ ಉದಾರವಾದಿ ಎಂಬುದೂ ಗುಟ್ಟಾಗಿರಲಿಲ್ಲ. 1971ರಲ್ಲೇ ಅಧ್ಯಕ್ಷ ನಿಕ್ಸನ್ ಈ ಧಾರಾವಾಹಿಯ ಬೇರೊಂದು ಕಂತು ನೋಡಿ, ಆರ್ಚಿಯನ್ನು ಪೆದ್ದನನ್ನಾಗಿ ಮಾಡಿದ್ದಾರೆಂದು ತಮ್ಮ ಆಪ್ತರ ಮುಂದೆ ಗೊಣಗಿದ್ದು ಶ್ವೇತಭವನದ ಟೇಪುಗಳಲ್ಲಿ ದಾಖಲಾಗಿದೆ.

ಆದರೆ ಈ ಪಕ್ಷಪಾತದಿಂದ ಆದದ್ದೇನು? 1974ರಲ್ಲಿ ನೀಲ್ ವಿಡ್ಮಾರ್ ಮತ್ತು ಮಿಲ್ಟನ್ ರೋಕೀಚ್ ಎಂಬ ಸಂಶೋಧಕರು ಅಮೆರಿಕದ 237 ಹದಿಹರೆಯದವರನ್ನೂ ಕೆನಡಾದ 130 ವಯಸ್ಕರನ್ನೂ ವಿಚಾರಿಸಿ ಬರೆದ ಪ್ರಬಂಧದ ವಿಷಯ ಬಂದೂಕಲ್ಲ, ಆರ್ಚಿಯ ಜನಾಂಗೀಯ ಪೂರ್ವಗ್ರಹ. ಆದರೂ ಅದು ಇಲ್ಲಿಗೆ ಸಲ್ಲುತ್ತದೆ. ಪೂರ್ವಗ್ರಹ ಹೆಚ್ಚಿದ್ದವರು ಆರ್ಚಿಯನ್ನೇ ಮೆಚ್ಚಿದ್ದರು, ವಾದದಲ್ಲಿ ಗೆಲ್ಲುವವನು ಅವನೇ ಎಂದುಕೊಂಡಿದ್ದರು. ಗೇಲಿ ಯಾರನ್ನು ಗುರಿಯಾಗಿಸಿತ್ತೋ ಅವರಿಗೆ ಅದು ತಾಗಲೇ ಇಲ್ಲ. 2009ರಲ್ಲಿ, ಟಿ.ವಿ.ಯಲ್ಲಿ ಸಂಪ್ರದಾಯವಾದಿಯ ವೇಷ ಹಾಕಿ ನಗಿಸುತ್ತಿದ್ದ ಸ್ಟೀಫನ್ ಕೋಲ್ಬೇರ್ ಅವರ ವಿಡಂಬನೆಯ ಬಗ್ಗೆ ನಡೆದ ಅಧ್ಯಯನದಲ್ಲೂ ಹೆಚ್ಚುಕಡಿಮೆ ಅದೇ ಕಥೆ: ಆತ ನಗಿಸುವಂತೆ ನಟಿಸುತ್ತ ಮನಸ್ಸಿನ ಮಾತನ್ನೇ ಆಡುತ್ತಿದ್ದಾರೆಂದು ಸಂಪ್ರದಾಯವಾದಿಗಳು ನಂಬಿದ್ದರು.

ಇನ್ನೊಂದು ವಿಚಿತ್ರವೆಂದರೆ, 1972ರಲ್ಲಿ ಬಂದೂಕು ಇಂದಿನಷ್ಟು ಪಕ್ಷದ ಬಾವುಟವಾಗಿರಲಿಲ್ಲ. ಅಗ್ಗದ ಕೈಬಂದೂಕುಗಳು ಅಪರಾಧಿಗಳ ಕೈಸೇರದಂತೆ ತಡೆಯುವ ಮಾತು ಆ ವರ್ಷದ ರಿಪಬ್ಲಿಕನ್ ಪ್ರಣಾಳಿಕೆಯಲ್ಲೇ ಇತ್ತು. 1871ರಲ್ಲಿ ಗುರಿ ಹೊಡೆಯುವ ತರಬೇತಿಗೆಂದು ಹುಟ್ಟಿದ ರಾಷ್ಟ್ರೀಯ ರೈಫಲ್ ಸಂಘ ಪೂರ್ತಿಯಾಗಿ ರಾಜಕೀಯಕ್ಕೆ ತಿರುಗಿದ್ದು 1977ರಲ್ಲಿ, ಸಿನ್ಸಿನಾಟಿಯ ವಾರ್ಷಿಕ ಸಭೆಯಲ್ಲಿ ಹಾರ್ಲನ್ ಕಾರ್ಟರ್ ಬಣ ಹಳೆಯ ಮುಖಂಡರನ್ನು ಕೆಳಗಿಳಿಸಿದ ಮೇಲೆ. ಪ್ಯೂ ಸಂಶೋಧನಾ ಸಂಸ್ಥೆಯ 2023ರ ಸಮೀಕ್ಷೆಯ ಪ್ರಕಾರ ರಿಪಬ್ಲಿಕನ್ನರತ್ತ ಒಲವುಳ್ಳವರಲ್ಲಿ ಶೇ 45 ಮಂದಿಯ ಬಳಿ ಬಂದೂಕಿದೆ. ಡೆಮಾಕ್ರಟರತ್ತ ಒಲವುಳ್ಳವರಲ್ಲಿ ಶೇ 20. ಹೀಗೆ ಬಂದೂಕಿನ ಜೋಕು ತಾನಾಗಿಯೇ ಪಕ್ಷದ ಜೋಕಾಯಿತು.

ನಡುವೆ ಒಂದು ಕಂತು ಮಾತ್ರ ಬೇರೆ ದಾರಿ ಹಿಡಿಯಿತು. 1997ರ ನವೆಂಬರ್ 2ರಂದು ಬಂದ ‘ದ ಸಿಂಪ್ಸನ್ಸ್’ ಕಾರ್ಟೂನ್ ಧಾರಾವಾಹಿಯ ಕಂತನ್ನು ಬರೆದವರು ಜಾನ್ ಸ್ವಾರ್ಟ್ಜ್‌ವೆಲ್ಡರ್. ಅದರ ನಾಯಕ ಹೋಮರ್ ಬಂದೂಕು ಕೊಳ್ಳಲು ಹೋದರೆ ಐದು ದಿನ ಕಾಯಬೇಕೆನ್ನುತ್ತಾರೆ. ಆಗ ನಿಜಕ್ಕೂ ಇದ್ದ ಬ್ರೇಡಿ ಕಾಯ್ದೆಯ ನಿಯಮ ಅದು. ಬಂದೂಕು ಬಂದ ಮೇಲೆ ಹೋಮರ್ ಬಿಯರ್ ಡಬ್ಬಿ ತೆರೆಯಲಿಕ್ಕೂ ದೀಪ ಆರಿಸಲಿಕ್ಕೂ ಅದನ್ನೇ ಬಳಸುತ್ತಾನೆ. ಅವನನ್ನು ಹೊರಗೆ ಹಾಕುವವರು ಯಾರು? ರೈಫಲ್ ಸಂಘದ ಸದಸ್ಯರೇ! ಇಲ್ಲಿ ಬಂದೂಕು ಹೊಂದಿದವರು ತಲೆ ನೆಟ್ಟಗಿರುವ ಜನ; ಪೆದ್ದು ಹೋಮರ್ ಒಬ್ಬನೇ. ಪತಿಗೆ ಛೀಮಾರಿ ಹಾಕುತ್ತಿದ್ದ ಮಾರ್ಜ್ ಕೂಡ ಕೊನೆಗೆ ಬಂದೂಕನ್ನು ತನ್ನ ಕೈಚೀಲಕ್ಕೆ ಸೇರಿಸಿಕೊಳ್ಳುತ್ತಾಳೆ. ಯಾವ ಪಕ್ಷದವರೂ ಈ ಕಂತು ನಮ್ಮದೆಂದು ಎದೆ ತಟ್ಟಿಕೊಳ್ಳುವಂತಿಲ್ಲ.

ಮುಂದೆ ಜೋಕೇ ಆಸ್ತಿಪಾಸ್ತಿಯ ಜಗಳವಾಯಿತು. 2018ರ ಫೆಬ್ರುವರಿಯಲ್ಲಿ ಪಾರ್ಕ್‌ಲ್ಯಾಂಡ್ ಶಾಲೆಯ ಗುಂಡಿನ ದಾಳಿಯ ಬೆನ್ನಲ್ಲೇ, ರೈಫಲ್ ಸಂಘ ತನ್ನ ವಕ್ತಾರೆಗೆ ಧನ್ಯವಾದ ಹೇಳಲು ‘ಪಾರ್ಕ್ಸ್ ಅಂಡ್ ರಿಕ್ರಿಯೇಷನ್’ ಹಾಸ್ಯ ಧಾರಾವಾಹಿಯ ತುಣುಕೊಂದನ್ನು ಟ್ವೀಟ್ ಮಾಡಿತು. ಆ ಧಾರಾವಾಹಿಯಲ್ಲಿ ಬಂದೂಕುಪ್ರಿಯ ರಾನ್ ಸ್ವಾನ್ಸನ್ ಎಂಬ ಪಾತ್ರವಿದೆ. ಆ ಪಾತ್ರಕ್ಕೆ ಜೀವ ತುಂಬಿದ ನಿಕ್ ಆಫರ್‌ಮನ್ ಸಿಡಿದೆದ್ದರು. ಧಾರಾವಾಹಿಯ ಸೃಷ್ಟಿಕರ್ತರಲ್ಲೊಬ್ಬರಾದ ಮೈಕಲ್ ಶೂರ್ ಆ ತುಣುಕನ್ನು ತೆಗೆಯುವಂತೆ ಹೇಳಿದರು. ಅದೇ ವಾರ ಅಧ್ಯಕ್ಷ ಟ್ರಂಪ್ ಶಿಕ್ಷಕರ ಕೈಗೆ ಬಂದೂಕು ಕೊಡುವ ಸಲಹೆ ಮುಂದಿಟ್ಟರು. ಜುಲೈನಲ್ಲಿ ಹಾಸ್ಯನಟ ಸಾಷಾ ಬ್ಯಾರನ್ ಕೋಹೆನ್ ವೇಷ ಹಾಕಿ, ಪುಟ್ಟ ಮಕ್ಕಳಿಗೂ ಬಂದೂಕು ಕೊಡಬೇಕೆಂಬ ಮಾತನ್ನು ಬಂದೂಕುಪರ ಹೋರಾಟಗಾರರ ಮತ್ತು ರಾಜಕಾರಣಿಗಳ ಬಾಯಲ್ಲೇ ಹೇಳಿಸಿದರು. ಹಾಗೆ ಹೇಳಿಸುವುದು ಚಾಲಾಕಿತನ. ಆರ್ಚಿಯಂಥ ಮನುಷ್ಯನನ್ನು ಕಟ್ಟಿ ನಿಲ್ಲಿಸುವ ಕಸುಬು ಅದಲ್ಲ. ಆರ್ಚಿಯನ್ನು ಬರೆದವರಿಗೆ ಅವನ ಮೇಲೆ ಕೋಪವೂ ಇತ್ತು, ಅಕ್ಕರೆಯೂ ಇತ್ತು. ಐದು ವರ್ಷ ಮೊದಲ ಸ್ಥಾನದಲ್ಲಿದ್ದ ಆ ಧಾರಾವಾಹಿಯನ್ನು ಆರ್ಚಿಗಳೂ ಮೈಕ್‌ಗಳೂ ಒಂದೇ ಸೋಫಾದಲ್ಲಿ ಕೂತು ನೋಡುತ್ತಿದ್ದರು. ಹೋದದ್ದು ಅದು.

ಅಂದಹಾಗೆ ಪಿಸ್ತೂಲಿನ ಉಪಾಯ ಪೂರ್ತಿ ಹುಸಿಯಾಗಲಿಲ್ಲ. 2001ರ ಸೆಪ್ಟೆಂಬರ್ ದಾಳಿಯ ನಂತರ ಅಮೆರಿಕದ ಸಂಸತ್ತು 2002ರಲ್ಲಿ ಕಾನೂನು ಮಾಡಿತು. ಅದರಂತೆ 2003ರಿಂದ ತರಬೇತಿ ಪಡೆದ ಪೈಲಟ್‌ಗಳು ಕಾಕ್‌ಪಿಟ್‌ನಲ್ಲಿ ಪಿಸ್ತೂಲು ಇಟ್ಟುಕೊಂಡೇ ವಿಮಾನ ಹಾರಿಸುತ್ತಿದ್ದಾರೆ.