ಸೋರಿಯಾಸಿಸ್: ತೊಗಲಿನ ಬೇನೆಯೋ, ಒಡಲಿನ ಬೇನೆಯೋ?

ತೊಗಲಿನ ಮೇಲೆ ಕೆಂಪು ಮಚ್ಚೆಗಳೆದ್ದು, ಅವುಗಳ ಮೇಲೆ ಬೆಳ್ಳಿಬಣ್ಣದ ಹೊಟ್ಟು ಕಟ್ಟಿ ಉದುರುವ ವ್ಯಾಧಿಗೆ ಸೋರಿಯಾಸಿಸ್ ಎಂದು ಹೆಸರು. ಮೊಣಕೈ, ಮೊಣಕಾಲು, ನೆತ್ತಿಗಳು ಅದರ ಮುಖ್ಯ ನೆಲೆಗಳು. ಆರೋಗ್ಯವಂತರಲ್ಲಿ ಚರ್ಮದ ಕೋಶವೊಂದು ತಳದಲ್ಲಿ ಹುಟ್ಟಿ, ಮೇಲಕ್ಕೆ ಬಂದು ಉದುರಲು ಸುಮಾರು ಒಂದು ತಿಂಗಳು ಹಿಡಿಯುತ್ತದೆ. ಈ ವ್ಯಾಧಿಯಲ್ಲಿ ಆ ಕಾರ್ಯವೆಲ್ಲ ಕೆಲವೇ ದಿನಗಳಲ್ಲಿ ನಡೆದುಹೋಗುತ್ತದೆ. ಪಕ್ವವಾಗದ ಕೋಶಗಳು ಒಂದರ ಮೇಲೊಂದು ಒಟ್ಟಿಕೊಂಡುದೇ ಆ ಹೊಟ್ಟು. ಒಡಲನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ದಾರಿತಪ್ಪಿ ಚರ್ಮವನ್ನು ಕೆರಳಿಸುವುದರಿಂದ ಹೀಗಾಗುತ್ತದೆ. ಇದರಲ್ಲಿ ವಂಶಗುಣದ ಪಾಲೂ ಉಂಟು.

ಚರಕಸಂಹಿತೆಯು 7 ಮಹಾಕುಷ್ಠಗಳನ್ನೂ 11 ಕ್ಷುದ್ರಕುಷ್ಠಗಳನ್ನೂ ಹೇಳುತ್ತದೆ. ಕ್ಷುದ್ರಕುಷ್ಠಗಳಲ್ಲೊಂದಾದ ಏಕಕುಷ್ಠದ ಲಕ್ಷಣಗಳು ಬೆವರಿಲ್ಲದಿರುವುದು, ಅಗಲವಾಗಿ ಹರಡುವುದು, ಮೀನಿನ ಹುರುಪೆಯಂತೆ ಕಾಣುವುದು. ಸೋರಿಯಾಸಿಸ್ ಇದೇ ಎಂದು ಹಲವು ವೈದ್ಯರ ಮತ, ಕಿಟಿಭವೆನ್ನುವವರೂ ಇದ್ದಾರೆ. ಇಲ್ಲಿ ಶಬ್ದಾರ್ಥವನ್ನು ಎಚ್ಚರದಿಂದ ಗ್ರಹಿಸಬೇಕು. ಸಂಹಿತೆಯಲ್ಲಿ ಕುಷ್ಠವೆಂದರೆ ಚರ್ಮರೋಗಗಳ ಸಮೂಹ. ನಮ್ಮ ಬಳಕೆಯ ಮಾತಿನಲ್ಲಿ ಅದು ಒಂದೇ ರೋಗಕ್ಕೆ ನಿಂತುಹೋಯಿತು. ಮಾತು ಕಿರಿದಾಯಿತು, ಭಯ ಹಿರಿದಾಯಿತು. ಪಶ್ಚಿಮದಲ್ಲಿಯೂ ಈ ಗೊಂದಲವಿದ್ದು, 1841ರಲ್ಲಿ ವಿಯೆನ್ನಾದ ಹೆಬ್ರಾ ಎಂಬ ವೈದ್ಯನು ಎರಡು ರೋಗಗಳನ್ನೂ ಸ್ಪಷ್ಟವಾಗಿ ಬೇರ್ಪಡಿಸಿದನು. ಸೋರಿಯಾಸಿಸ್ ಅಂಟುರೋಗವಲ್ಲ. ಪ್ರಸಾದನಿಲಯದ ಪಂಕ್ತಿಯಲ್ಲಿ ಅಂತಹ ಬಾಲಕನನ್ನು ದೂರ ಕೂರಿಸುವುದಕ್ಕೆ ವಿಜ್ಞಾನದ ಆಧಾರವಿಲ್ಲ.

ವಿರುದ್ಧಾಹಾರ, ಅಜೀರ್ಣದ ಮೇಲೆ ಮತ್ತೆ ಉಣ್ಣುವುದು ಮುಂತಾದವುಗಳನ್ನು ಕುಷ್ಠಕ್ಕೆ ಕಾರಣಗಳೆಂದು ಪ್ರಾಚೀನರು ಎಣಿಸಿದರು. ಇಂದಿನ ವೈದ್ಯಶಾಸ್ತ್ರವೂ ಬೇರೊಂದು ಹಾದಿಯಿಂದ ಒಡಲಿನ ಕಡೆಗೇ ನೋಡುತ್ತಿದೆ. ಸೋರಿಯಾಸಿಸ್ ಉಳ್ಳವರಲ್ಲಿ ಬೊಜ್ಜು, ಮಧುಮೇಹ, ರಕ್ತದೊತ್ತಡ, ಹೃದ್ರೋಗಗಳು ಇತರರಲ್ಲಿರುವುದಕ್ಕಿಂತ ಹೆಚ್ಚು. ಮೇದಸ್ಸು ಸುಮ್ಮನೆ ಬಿದ್ದಿರುವ ಹೊರೆಯಲ್ಲ. ಅದು ಉರಿಯೂತವನ್ನು ಬೆಳೆಸುವ ದ್ರವ್ಯಗಳನ್ನು ರಕ್ತಕ್ಕೆ ಬಿಡುತ್ತದೆ. ಆದುದರಿಂದಲೇ ಸ್ಥೂಲಕಾಯರು ತೂಕವನ್ನಿಳಿಸಿದಾಗ ಮಚ್ಚೆಗಳ ಉಗ್ರತೆ ತಗ್ಗುವುದೂ ಔಷಧ ಚೆನ್ನಾಗಿ ನಾಟುವುದೂ ಪ್ರಯೋಗಗಳಿಂದ ಕಂಡುಬಂದಿದೆ. ಮದ್ಯ, ಧೂಮಪಾನಗಳನ್ನು ತ್ಯಜಿಸುವುದು ಸರ್ವಥಾ ಹಿತ. ಹಾಗೆಂದು ಪ್ರಾಚೀನರ ಅಗ್ನಿಮಾಂದ್ಯವನ್ನೂ ಆಧುನಿಕರ ಚಯಾಪಚಯ ದೋಷವನ್ನೂ ಒಂದೇ ಎಂದು ಸಾಧಿಸಹೊರಡುವುದು ಪಾಂಡಿತ್ಯದ ಚಪಲವಷ್ಟೆ.

ಪಥ್ಯವೊಂದರಿಂದಲೇ ರೋಗ ನಿರ್ಮೂಲವಾಗುತ್ತದೆಂಬ ಮಾತನ್ನು ನಂಬಲಾಗದು. ಕೃಶಕಾಯರಿಗೂ ಮಕ್ಕಳಿಗೂ ಇದು ಬರುತ್ತದೆ. ಅವರನ್ನು ಉಪವಾಸ ಕೆಡಹುವುದು ಅನ್ಯಾಯ. ರೋಗವನ್ನು ಹತೋಟಿಯಲ್ಲಿಡಲು ಲೇಪನ, ಬೆಳಕಿನ ಚಿಕಿತ್ಸೆ, ಗುಳಿಗೆ, ಚುಚ್ಚುಮದ್ದುಗಳು ಇವೆ; ಪಥ್ಯವು ಅವುಗಳಿಗೆ ಒತ್ತಾಸೆ. ಹೆಸರು ಹೇಳದೆ ಕೊಡುವ ಪುಡಿ, ಗುಳಿಗೆಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದುಂಟು. ಅದನ್ನು ಸೇವಿಸುವಾಗ ಚರ್ಮ ತಿಳಿಯಾದಂತೆ ತೋರಿ, ಥಟ್ಟನೆ ಬಿಟ್ಟೊಡನೆ ರೋಗವು ಮೈಯೆಲ್ಲ ಉಕ್ಕಿ ಪ್ರಾಣಾಪಾಯಕ್ಕೂ ತರಬಹುದು. ವೈದ್ಯರನ್ನು ಕಂಡಾಗ ಚರ್ಮದೊಡನೆ ರಕ್ತದ ಸಕ್ಕರೆ, ಕೊಬ್ಬು, ರಕ್ತದೊತ್ತಡಗಳನ್ನೂ ಪರೀಕ್ಷಿಸಿಕೊಳ್ಳುವುದು ಯುಕ್ತ. ಬೆಳಗ್ಗೆ ಏಳುವಾಗ ಬೆರಳ ಗಂಟುಗಳು ಬಿಗಿದು ನೋಯುತ್ತಿದ್ದರೆ ತಡಮಾಡಕೂಡದು. ಈ ರೋಗವು ಕೀಲುಗಳಿಗೂ ಇಳಿಯುತ್ತದೆ, ಹಾಗೆ ಕೆಟ್ಟ ಕೀಲು ಮೊದಲಿನಂತಾಗುವುದಿಲ್ಲ.