ಮಾವನ ಮಾತ್ರೆ, ನನ್ನ ಲೆಕ್ಕ

ಗುಬ್ಬಿಯಿಂದ ದಿನಾ ತುಮಕೂರಿಗೆ ಬಂದು ಬಿಇ ಓದುವ ನನಗೆ ಭಾನುವಾರವೆಂದರೆ ನಿದ್ದೆಯ ದಿನ. ದೀಪಾವಳಿಯಿಂದ ಆ ನಿದ್ದೆಯೂ ಹೋಯಿತು. ಕುಣಿಗಲ್ ಹತ್ತಿರದ ಹಳ್ಳಿಯಲ್ಲಿರುವ ಸೋದರಮಾವನಿಗೆ ಕ್ಷಯ. ಅವರು ಮಾತ್ರೆ ನುಂಗುತ್ತಿದ್ದಾರೋ ಇಲ್ಲವೋ ನೋಡಿ ಬರುವ ಕೆಲಸವನ್ನು ಅಮ್ಮ ನನ್ನ ತಲೆಗೆ ಕಟ್ಟಿದರು.

ಇದು ಎರಡನೇ ಸಲ. ಮೊದಲ ಸಲ ಎರಡೇ ತಿಂಗಳಿಗೆ ಕೆಮ್ಮು ನಿಂತು, ಊಟ ಸೇರತೊಡಗಿತ್ತು. ‘ಇನ್ನ್ಯಾಕೆ ಮಾತ್ರೆ’ ಎಂದು ಮಾವ ಒಂದು ವಾರ ನುಂಗಿ, ನಾಲ್ಕು ದಿನ ಬಿಟ್ಟು, ಕೊನೆಗೆ ಪೂರ್ತಿ ನಿಲ್ಲಿಸಿದರು. ಕೆಮ್ಮು ಮರಳಿತು. ಈ ಸಲದ ಕಫ ಪರೀಕ್ಷೆಯಲ್ಲಿ, ಮುಖ್ಯ ಔಷಧಿಯಾದ ರಿಫಾಂಪಿಸಿನ್‌ಗೇ ಬ್ಯಾಕ್ಟೀರಿಯಾ ಬಗ್ಗುತ್ತಿಲ್ಲ ಎಂದು ಗೊತ್ತಾಯಿತು.

‘ನನ್ನ ಮೈ ಆ ಮಾತ್ರೆಗೆ ಒಗ್ಗೋಗಿದೆ ಕಣೋ’ ಅಂದರು ಮಾವ. ನಾನೂ ಹಾಗೇ ಅಂದುಕೊಂಡಿದ್ದೆ. ಓದಿದ ಮೇಲೆ ತಿಳಿಯಿತು, ಬದಲಾಗಿದ್ದು ಮೈಯಲ್ಲ, ಒಳಗಿದ್ದ ಬ್ಯಾಕ್ಟೀರಿಯಾ.

ಕ್ಷಯದ ಬ್ಯಾಕ್ಟೀರಿಯಾ ಬಹಳ ನಿಧಾನಿ. ಒಂದು ಎರಡಾಗಲು ಸುಮಾರು 20 ಗಂಟೆ ಬೇಕು. ಆದರೂ ತಿಂಗಳುಗಟ್ಟಲೆ ಶ್ವಾಸಕೋಶದಲ್ಲಿ ಕೂತರೆ ಕೋಟಿಗಟ್ಟಲೆ ಆಗುತ್ತವೆ. ಹೀಗೆ ಹೆಚ್ಚುವಾಗ ಅಪರೂಪಕ್ಕೊಮ್ಮೆ ವಂಶವಾಹಿಯ ನಕಲಿನಲ್ಲಿ ತಪ್ಪಾಗುತ್ತದೆ. ಅಂಥ ಒಂದು ತಪ್ಪಿನಿಂದ ಔಷಧಿ ತಾಗದ ಬ್ಯಾಕ್ಟೀರಿಯಾ ಹುಟ್ಟಬಹುದು. ಔಷಧಿ ಅದನ್ನು ಹುಟ್ಟಿಸುವುದಿಲ್ಲ, ಮಿಕ್ಕವನ್ನು ಕೊಂದು ಅದಕ್ಕೆ ಜಾಗ ಮಾಡಿಕೊಡುತ್ತದೆ. 1940ರ ದಶಕದಲ್ಲಿ ಸ್ಟ್ರೆಪ್ಟೊಮೈಸಿನ್ ಒಂದನ್ನೇ ಪಡೆದು ಚೇತರಿಸಿಕೊಂಡ ಎಷ್ಟೋ ರೋಗಿಗಳು ಮತ್ತೆ ಹಾಸಿಗೆ ಹಿಡಿದದ್ದು ಇದರಿಂದಲೇ.

ಹಾಗಾದರೆ ಒಟ್ಟಿಗೆ ನಾಲ್ಕು ಔಷಧಿ ಯಾಕೆ? ಉತ್ತರ ನಮ್ಮ ಗಣಿತದ ಪ್ರಾಬಬಿಲಿಟಿ ಪಾಠದಲ್ಲೇ ಇತ್ತು. ಒಂದು ಔಷಧಿಯಿಂದ ಪಾರಾಗುವ ಬ್ಯಾಕ್ಟೀರಿಯಾ 10 ಲಕ್ಷಕ್ಕೆ ಒಂದು ಎಂದುಕೊಳ್ಳಿ. ಎರಡರಿಂದಲೂ ಪಾರಾಗುವಂಥದ್ದು ಲಕ್ಷ ಕೋಟಿಗೆ ಒಂದು! ಬಿಟ್ಟು ಬಿಟ್ಟು ನುಂಗಿದರೆ ಈ ಲೆಕ್ಕವೇ ಕೆಡುತ್ತದೆ. ಮೊದಲನೆಯದರಿಂದ ಪಾರಾದದ್ದು ತಾನೇ ಕೋಟಿಯಾಗಿ ಬೆಳೆದರೆ, ಅದರಲ್ಲಿ ಎರಡನೆಯದನ್ನೂ ದಾಟುವ ಒಂದಷ್ಟು ಹುಟ್ಟುತ್ತವೆ. ಜೊತೆಗೆ ಕೆಲವು ಬ್ಯಾಕ್ಟೀರಿಯಾ ಬೆಳೆಯದೆ ಮಲಗಿದಂತೆ ಇರುತ್ತವೆ, ಅವು ಬೇಗ ಸಾಯುವುದಿಲ್ಲ. ಕೆಮ್ಮು ನಿಂತರೂ ತಿಂಗಳುಗಟ್ಟಲೆ ನುಂಗಬೇಕಾದದ್ದು ಅದಕ್ಕೇ.

ಲೆಕ್ಕ ಕೇಳಿದ ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಂದ್ರೆ ರಾಗಿ ಹೊಲದಲ್ಲಿ ಅರ್ಧ ಕಳೆ ಕಿತ್ತು ಎದ್ದು ಬಂದಂಗಾಯ್ತು’ ಅಂದರು. ನನ್ನ ವಿವರಣೆಗಿಂತ ಅದೇ ಸರಿಯಾಗಿತ್ತು.

1960–61ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ನಮ್ಮ ತುಮಕೂರು ಜಿಲ್ಲೆಯಲ್ಲೇ ಸಮೀಕ್ಷೆ ನಡೆಸಿತ್ತು. ಅದರ ಬೆನ್ನಿಗೇ ನಡೆದ ಅಧ್ಯಯನದಲ್ಲಿ, ಅರ್ಧಕ್ಕಿಂತ ಹೆಚ್ಚು ರೋಗಿಗಳು ತಾವಾಗಿಯೇ ಚಿಕಿತ್ಸೆ ಹುಡುಕಿಕೊಂಡು ಹೋಗಿದ್ದರು ಎಂದು ಕಂಡುಬಂತು. ಆಸ್ಪತ್ರೆಗೆ ಹೋಗಲು ನಮ್ಮ ಜನ ಅಂದೂ ಹಿಂಜರಿದಿರಲಿಲ್ಲ. ಇಂದು ಕ್ಷಯದ ಔಷಧಿ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುತ್ತದೆ. ಅದನ್ನು ಮುಗಿಸುವುದಷ್ಟೇ ಬಾಕಿ.

ಮಾವನ ಮನೆಯ ಕ್ಯಾಲೆಂಡರಿನಲ್ಲಿ ಈಗ ದಿನಕ್ಕೊಂದು ಪೆನ್ನಿನ ಗೀಟು ಬೀಳುತ್ತಿದೆ. ನಿಮ್ಮ ಮನೆಯಲ್ಲೂ ಯಾರಾದರೂ ಮಾತ್ರೆ ನುಂಗುತ್ತಿದ್ದರೆ, ‘ಹೇಗಿದ್ದೀರಿ’ ಎಂದಷ್ಟೇ ಕೇಳಬೇಡಿ, ‘ಇವತ್ತಿನ ಮಾತ್ರೆ ಆಯ್ತಾ’ ಎಂದೂ ಕೇಳಿ.